ಹಗೇವಿನ ಉಸಿರು

ಯರಗುಪ್ಪಿಯ ನಮ್ಮ ಮನೆಯಲ್ಲಿ ಒಂದು ಖೋಲಿಗೆ ಮಾತ್ರ ಇಳಿದು ಹೋಗಬೇಕಿತ್ತು. ಪಡಸಾಲೆ, ಅಡುಗೆಮನೆ, ದೇವರ ಜಗಲಿ ಎಲ್ಲವೂ ಒಂದೇ ಮಟ್ಟದಲ್ಲಿದ್ದವು. ಈ ಖೋಲಿಗೆ ಮಾತ್ರ ಎತ್ತರದ ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ತಲೆ ಬಗ್ಗಿಸಿ ಹೋಗಬೇಕು. ಮೊದಲು ಅದು ಖೋಲಿಯೇ ಆಗಿರಲಿಲ್ಲ, ಹಿಂದಿನ ಅಂಗಳವಾಗಿತ್ತಂತೆ. ಅಂಗಳದ ನಡುವೆ ಜೋಳ ತುಂಬಿಡುವ ಹಗೇವು ಇತ್ತು. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಕೆಳಗೆ ದೊಡ್ಡ ಗಡಿಗೆಯಂಥ ಹೊಟ್ಟೆ, ಒಳಗೋಡೆಗೆಲ್ಲ ಒಣಹುಲ್ಲಿನ ಹೊದಿಕೆ. ಅಜ್ಜನ ಕಾಲದಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗ ಅಂಗಳಕ್ಕೆ ಗೋಡೆ ಬಂತು, ಆಮೇಲೆ ಮೇಲೊಂದು ಮಣ್ಣಿನ ಮಾಳಿಗೆ ಬಂತು. ಹೀಗೆ ಹಗೇವು ಮನೆಯೊಳಗೆ ಸೇರಿಕೊಂಡಿತು. ನೆಲ ಮಾತ್ರ ಹಳೆಯ ಅಂಗಳದ ಮಟ್ಟದಲ್ಲೇ ಉಳಿಯಿತು. ಕಿಟಕಿ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಬಿಸಿಲಿನ ಕೋಲು ಮಧ್ಯಾಹ್ನ ಇಳಿದು ಬಂದು, ಹಗೇವಿನ ಬಾಯಿಗೆ ಮುಚ್ಚಿದ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ನಿಂತು, ಹೋಗಿಬಿಡುತ್ತಿತ್ತು. ಆ ಖೋಲಿಯಲ್ಲಿ ನಾವು ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಹಾಗೆಂದು ಯಾರೂ ನಮಗೆ ಹೇಳಿರಲಿಲ್ಲ.

ನಾನು ಹುಟ್ಟುವ ಮೊದಲೇ ಆ ಹಗೇವಿನಲ್ಲಿ ನಮ್ಮ ದೊಡ್ಡಪ್ಪ ಸತ್ತಿದ್ದ. ಅವನ ಹೆಸರು ಈರಣ್ಣ, ಮೀಸೆ ಚಿಗುರುತ್ತಿದ್ದ ವಯಸ್ಸು. ಜೋಳ ತೆಗೆಯಲು ಇಳಿದವನು ಮೇಲೆ ಬರಲಿಲ್ಲ. ಕೊಕ್ಕೆ ಹಾಕಿ ಎಳೆದು ತೆಗೆದಾಗ ಮೈಮೇಲೆ ಒಂದು ಗಾಯವಿರಲಿಲ್ಲವಂತೆ, ಮುಖ ಉಂಡು ಮಲಗಿದವನ ಮುಖದಂತೆ ಇತ್ತಂತೆ. ಹಗೇವು ತಗೊಂಡಿತು ಎಂದು ಊರು ಹೇಳಿ ಸುಮ್ಮನಾಯಿತು. ಉಳಿದ ಜೋಳಕ್ಕೆ ಯಾರೂ ಇಳಿಯಲಿಲ್ಲ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ತನ್ನ ಹಿರಿಯ ಮಗ ಸತ್ತ ಎಂದು ಒಮ್ಮೆಯೂ ಹೇಳಿದ್ದನ್ನು ನಾನು ಕೇಳಿಲ್ಲ. ಈರಾ ಒಳಗದಾನ ಎನ್ನುತ್ತಿದ್ದಳು, ಪಕ್ಕದ ಮನೆಗೆ ಹೋದವನ ಬಗ್ಗೆ ಹೇಳುವ ದನಿಯಲ್ಲಿ. ದಿನಾ ಸಂಜೆ ಅವಳು ಆ ಖೋಲಿಯಲ್ಲಿ ಎರಡು ದೀಪ ಹಚ್ಚುತ್ತಿದ್ದಳು. ಗೋಡೆಯ ಗೂಡಿನಲ್ಲಿ ಒಂದು ಚಿಮಣಿ, ಹಗೇವಿನ ಕಲ್ಲಿನ ಮೇಲೆ ಒಂದು ಹಣತೆ. ಚಿಮಣಿ ಉರಿಯುತ್ತಲೇ ಇರುತ್ತಿತ್ತು. ಹಣತೆ ಕೆಲವು ದಿನ ಉರಿಯುತ್ತಿತ್ತು, ಕೆಲವು ದಿನ ಇಟ್ಟ ಕೂಡಲೇ ಆರಿಹೋಗುತ್ತಿತ್ತು. ಗಾಳಿ ಸುಳಿಯದ ಖೋಲಿಯಲ್ಲಿ, ಎಣ್ಣೆ ತುಂಬಿದ ಹಣತೆ. ಉರಿ ಸ್ವಲ್ಪ ಉದ್ದವಾಗುತ್ತಿತ್ತು, ಬತ್ತಿಯನ್ನು ಬಿಟ್ಟು ಕೂದಲೆಳೆಯಷ್ಟು ಮೇಲೆದ್ದು ನಿಂತಂತೆ ಕಾಣುತ್ತಿತ್ತು, ಆಮೇಲೆ ಇರುತ್ತಲೇ ಇರಲಿಲ್ಲ. ಈರಣ್ಣನಿಗೆ ಸಣ್ಣವನಿದ್ದಾಗ ಹಚ್ಚಿದ ದೀಪ ಊದುವ ಚಟ ಇತ್ತಂತೆ. ದೀಪ ಆರಿದಾಗ ಆಯಿ ಸಿಟ್ಟಾಗುತ್ತಿರಲಿಲ್ಲ, ಹೆದರುತ್ತಿರಲಿಲ್ಲ. ಕತ್ತಲಾದ ಕಲ್ಲಿನ ಕಡೆ ನೋಡಿ ಹೇಳುತ್ತಿದ್ದಳು:

"ಊದಿದೇನಪಾ? ಊದು. ನಿನ್ನ ಮನಿ, ನಿನ್ನ ದೀಪ."

ಅವಳ ಸೆರಗು ಹಿಡಿದು ನಿಂತ ನನಗೆ ಆಗ ಬೆನ್ನ ಮೇಲೆ ತಣ್ಣನೆಯ ಕೈಯಿಟ್ಟಂತಾಗುತ್ತಿತ್ತು.

ಮಳೆ ಬರುವ ಮುನ್ನ ಹಗೇವು ಶಿಳ್ಳೆ ಹಾಕುತ್ತಿತ್ತು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಮೋಡ ಕಟ್ಟಿ, ಎಲೆ ಅಲುಗದೆ, ದನಗಳು ಕೂಡ ಮೆಲುಕು ನಿಲ್ಲಿಸಿ ನಿಂತ ಮಧ್ಯಾಹ್ನಗಳಲ್ಲಿ, ಕಲ್ಲಿನ ಸುತ್ತ ಮೆತ್ತಿದ ಮಣ್ಣಿನ ಬಿರುಕಿನಿಂದ ಸಣ್ಣಗೆ, ಎಳೆದೆಳೆದು, ಒಂದು ಸದ್ದು ಬರುತ್ತಿತ್ತು. ಆಯಿ ಅಡುಗೆಮನೆಯಲ್ಲಿದ್ದರೂ ಅದು ಅವಳಿಗೆ ಕೇಳಿಸುತ್ತಿತ್ತು. ಈರಾ ಹೇಳ್ಯಾನ, ಸಗಣಿ ಕುಳ್ಳು ಒಳಗ ಹಾಕ್ರಿ ಎಂದು ಅವಳು ಕೂಗಿದ ದಿನ ಮಳೆ ತಪ್ಪಿದ್ದು ಕಡಿಮೆ. ಓಣಿಯ ಹೆಂಗಸರು ಮೆಣಸಿನಕಾಯಿ ಒಣಹಾಕುವ ಮೊದಲು ಬಾಗಿಲಲ್ಲಿ ನಿಂತು, ನಿಮ್ಮ ಈರಣ್ಣ ಏನಂತಾನ್ರಿ ಎಂದು ಕೇಳಿ ಹೋಗುತ್ತಿದ್ದರು. ಒಮ್ಮೆ ಯಾರೂ ಇಲ್ಲದಾಗ ನಾನು ಆ ಕಲ್ಲಿನ ಪಕ್ಕ ಬೋರಲು ಮಲಗಿ ಬಿರುಕಿಗೆ ಕಿವಿ ಕೊಟ್ಟೆ. ಕೆನ್ನೆಗೆ ಉಗುರುಬೆಚ್ಚಗಿನ ಉಸಿರು ತಾಗಿತು. ಹುಳಿಹುಳಿ ವಾಸನೆ, ಹಳಸಿದ ಅಂಬಲಿಯದು. ನನ್ನ ಎದೆ ಜೋರಾಗಿ ಹೊಡೆದುಕೊಳ್ಳತೊಡಗಿತು, ಕಣ್ಣು ಭಾರವಾದವು, ಅಲ್ಲೇ ಮಲಗಿಬಿಡಬೇಕು ಎನ್ನಿಸಿತು. ಯಾರೋ ನನ್ನನ್ನು ಹೆಸರು ಹಿಡಿದು ಕರೆದರು. ಎದ್ದು ಮೆಟ್ಟಿಲು ಹತ್ತಿ ಪಡಸಾಲೆಗೆ ಬಂದು ನೋಡಿದರೆ ಮನೆಯಲ್ಲಿ ಯಾರೂ ಇರಲಿಲ್ಲ.

ಪ್ರಾಣಿಗಳಿಗೆ ನಮಗಿಂತ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ಮನೆಯೆಲ್ಲ ಕೆದರಿ ಅಲೆಯುವ ಕೋಳಿಗಳು ಆ ಹೊಸ್ತಿಲ ಮೇಲೆ ಕುತ್ತಿಗೆ ಚಾಚಿ ನಿಂತು ಹಿಂದಿರುಗುತ್ತಿದ್ದವು. ನನ್ನದೊಂದು ಬೂದಿಬಣ್ಣದ ಬೆಕ್ಕಿನ ಮರಿ ಮಾತ್ರ ಬುದ್ಧಿ ಸಾಲದೆ ಇಳಿದು ಹೋಯಿತು. ಹುಡುಕಿದಾಗ ಹಗೇವಿನ ಕಲ್ಲಿನ ಬದಿಗೆ ಸುರುಳಿ ಸುತ್ತಿ ಮಲಗಿತ್ತು. ಎತ್ತಿಕೊಂಡರೆ ತಲೆ ತೂಗಾಡಿತು. ನಾನು ಅತ್ತಾಗ ಆಯಿ ತಲೆ ಸವರಿ, ಈರಣ್ಣಗ ಬೆಕ್ಕು ಅಂದ್ರ ಭಾಳ ಜೀವ, ಆಡಸಾಕ ಇಟ್ಕೊಂಡಾನ ಅಂದಳು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ಕೇಳಿದಳು. ಅವಳು ಗುಡಗೇರಿಯ ಕಡೆಯವಳು, ಮಾತು ಕಡಿಮೆ. ಅತ್ತೆಯ ಎದುರಿಗೆ ಒಂದು ಮಾತಿಗೆ ಇನ್ನೊಂದು ಮಾತು ಇಟ್ಟವಳಲ್ಲ. ಬೆಕ್ಕಿನ ಮರಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಅದರ ಬಾಯಿ ಬಿಡಿಸಿ ನೋಡಿ, ಮೂಸಿ ನೋಡಿ, ಹಿತ್ತಲಿಗೆ ಒಯ್ದಳು.

ಆ ವರ್ಷ ಅಕ್ಕ ಕಸ್ತೂರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮಳೆ ಹಿಡಿದು ಬಿಡದ ಶ್ರಾವಣ. ಹಿತ್ತಲಿನ ಮೋರಿ ಕಟ್ಟಿ ಗೋಡೆಯ ಬುಡಕ್ಕೆ ನೀರು ನಿಂತಿತ್ತು, ಅದು ಎಲ್ಲಿಗೆ ಇಂಗುತ್ತಿದೆ ಎಂದು ಯಾರೂ ಯೋಚಿಸಲಿಲ್ಲ. ಬಾಣಂತಿಯನ್ನು ಯಾವ ಖೋಲಿಯಲ್ಲಿ ಇಡಬೇಕು ಎಂಬ ಮಾತು ಬಂದಾಗ ಆಯಿ ಹಗೇವಿನ ಖೋಲಿ ಎಂದಳು. ಮನೆಯಲ್ಲಿ ಗಾಳಿಯಾಡದ, ಬೆಳಕು ಹೊಡೆಯದ, ಬೆಚ್ಚಗಿನ ಜಾಗ ಅದೊಂದೇ. ಮೇಲಾಗಿ ಕೂಸಿನ ಮುಖ ಈರಣ್ಣ ನೋಡಬೇಕು. ಅವ್ವ ಪಡಸಾಲೆಯಲ್ಲೇ ಪರದೆ ಕಟ್ಟೋಣ ಎಂದಳು. ಅವಳು ಹೀಗೆ ಎದುರು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಬಾಣಂತಿಗೆ ಗಾಳಿ ಹೊಡೆಸಿ ಸನ್ನಿ ತರಿಸುತ್ತೀಯಾ ಎಂದು ಆಯಿ ಕೇಳಿದಳು. ಅಪ್ಪ ಹೊರಗೆ ದನಕ್ಕೆ ಮೇವು ಹಾಕುವ ನೆಪ ಮಾಡಿಕೊಂಡು ಎದ್ದುಹೋದ. ಹೆಂಗಸರ ಮಾತಿನಲ್ಲಿ ಅವನು ಯಾವಾಗಲೂ ಹೀಗೆಯೇ. ಕೊನೆಗೆ ಆಯಿಯ ಮಾತೇ ನಡೆಯಿತು.

ಹೆಣ್ಣು ಕೂಸು ಹುಟ್ಟಿತು. ಕಸ್ತೂರಕ್ಕ ಎತ್ತರದ ಹೊರಸಿನ ಮೇಲೆ ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗುತ್ತಿದ್ದಳು. ಹೊರಸಿನ ಕೆಳಗೆ ಕಾವಿಗೆಂದು ಇಟ್ಟ ಕೆಂಡ ಆ ಖೋಲಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಒಲೆಯಿಂದ ನಿಗಿನಿಗಿ ತಂದ ಕೆಂಡ ನೆಲಕ್ಕಿಟ್ಟರೆ ಕಣ್ಣೆದುರೇ ಕಪ್ಪಾಗುತ್ತಿತ್ತು. ಅವ್ವ ಅದನ್ನು ಮತ್ತೆ ಅಡುಗೆಮನೆಗೆ ಒಯ್ದು ಊದಿದರೆ ಮತ್ತೆ ಕೆಂಪಾಗುತ್ತಿತ್ತು. ಅಕ್ಕನಿಗೆ ತಲೆನೋವು, ಸದಾ ಮಂಪರು. ಬಾಣಂತಿಗೆ ಹಾಗೆಯೇ ಎಂದು ಬಂದವರೆಲ್ಲ ಹೇಳಿದರು. ಹಗೇವು ಮಾತ್ರ ಆ ವಾರ ದಿನಾ ಶಿಳ್ಳೆ ಹಾಕುತ್ತಿತ್ತು. ಅಕ್ಕ ನನ್ನ ಕೈ ಹಿಡಿದುಕೊಂಡು, ಶಾಂತಾ, ನೀ ಇಲ್ಲೇ ಕುಂದ್ರು, ನನಗ ಒಬ್ಬಾಕಿಗೆ ಹೆದರಿಕಿ ಬರತೈತಿ ಎನ್ನುತ್ತಿದ್ದಳು. ಯಾರೋ ಕೆಳಗಿನಿಂದ ಹೊರಸನ್ನು ಸಾವಕಾಶ ಎತ್ತುತ್ತಾರೆ ಎಂದು ಅವಳಿಗೆ ಅನ್ನಿಸುತ್ತಿತ್ತಂತೆ. ನಾನು ಅವಳ ಹೊರಸಿನ ಮೇಲೆಯೇ ಕಾಲು ಮಡಚಿ ಕುಳಿತುಕೊಳ್ಳುತ್ತಿದ್ದೆ, ಕಾಲು ಕೆಳಗೆ ಬಿಡಲು ಧೈರ್ಯವಾಗುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಕೂಸಿಗೆ ಎರೆದಾದ ಮೇಲೆ ಆಯಿ ಅದನ್ನು ಅರಿವೆಯಲ್ಲಿ ಸುತ್ತಿ, ಮರದಲ್ಲಿ, ಅಂದರೆ ಕಾಳು ಕೇರುವ ಮರದಲ್ಲಿ, ಮಲಗಿಸಿ ನೆಲದ ಮೇಲೆ ಇಟ್ಟಳು. ತೊಟ್ಟಿಲಿಗೆ ಹಾಕುವ ದಿನ ಇನ್ನೂ ಬಂದಿರಲಿಲ್ಲ. ಅಕ್ಕ ಕಣ್ಣುಮುಚ್ಚಿದ್ದಳು. ಆಯಿ ಕೈಯಲ್ಲಿ ಲೋಬಾನದ ಧೂಪ ಹಿಡಿದು ಖೋಲಿಯ ಮೂಲೆಮೂಲೆಗೂ ಹೊಗೆ ತೋರಿಸುತ್ತಿದ್ದಳು. ನಾನು ಹೊರಸಿನ ಮೇಲಿದ್ದೆ. ಹೊಗೆ ಮೇಲಕ್ಕೆ ಹೋಗಬೇಕಷ್ಟೆ? ಆ ದಿನ ಅದು ಸ್ವಲ್ಪ ಮೇಲೆ ಹೋಗಿ, ದಣಿದಂತೆ ಇಳಿದು ಬಂದು, ಹೊರಸಿಗಿಂತ ತುಸು ಕೆಳಗೆ ನಿಂತುಬಿಟ್ಟಿತು. ನಿಂತು ಹಾಸಿಕೊಂಡಿತು. ಗೋಡೆಯಿಂದ ಗೋಡೆಗೆ ಬಿಳಿಯ ದುಪ್ಪಟಿಯೊಂದನ್ನು ಬಿಗಿದು ಕಟ್ಟಿದ ಹಾಗೆ, ಒಂದು ಸುಕ್ಕಿಲ್ಲದೆ. ಬೆಳಕಿಂಡಿಯಿಂದ ಮೋಡದ ಬೆಳಕು ಅದರ ಮೇಲೆ ಬಿದ್ದು ಕೆರೆಯ ನೀರಿನ ಮೇಲೆ ಬಿದ್ದಂತೆ ಹೊಳೆಯಿತು. ಆಯಿ ನಡೆದಾಗ ಆ ಹಾಳೆ ಅವಳ ಮೊಣಕಾಲ ಸುತ್ತ ಅಲೆಯಾಗಿ ತೂಗಿ ಗೋಡೆಗೆ ಬಡಿದು ಹಿಂದಿರುಗಿತು. ಅವಳ ಪಾದಗಳು ಕಾಣುತ್ತಿರಲಿಲ್ಲ. ಮರ ಕಾಣುತ್ತಿರಲಿಲ್ಲ. ಕೂಸು ಅದರ ಅಡಿಯಲ್ಲಿತ್ತು. ಅಳುತ್ತಿರಲಿಲ್ಲ.

ನನ್ನ ಗಂಟಲಿನಿಂದ ಎಂಥ ಸದ್ದು ಬಂತೋ ತಿಳಿಯದು. ಅವ್ವ ಬಾಗಿಲಿಗೆ ಬಂದಳು, ಒಂದು ಗಳಿಗೆ ನಿಂತು ಆ ಬಿಳಿಯ ಹಾಳೆಯನ್ನು ನೋಡಿದಳು. ಆಮೇಲೆ ಮಡುವಿಗೆ ಇಳಿಯುವವರ ಹಾಗೆ ಉಸಿರು ಕಟ್ಟಿ ಇಳಿದು, ಬಗ್ಗಿ, ಕೈಯಾಡಿಸಿ, ಮರದ ಸಮೇತ ಕೂಸನ್ನು ಮೇಲೆತ್ತಿದಳು. ಅಂಗಳದವರೆಗೆ ಅವಳು ಓಡಿದ್ದು ನನಗೆ ನೆನಪಿದೆ. ಕೂಸಿನ ತುಟಿ ನೇರಳೆಯಾಗಿತ್ತು, ಕುತ್ತಿಗೆ ನಿಲ್ಲುತ್ತಿರಲಿಲ್ಲ. ಅವ್ವ ಅದರ ಅಂಗಾಲು ತಿಕ್ಕಿದಳು, ಬಾಯಿಗೆ ಬಾಯಿ ಹಚ್ಚಿ ಊದಿದಳು, ಮಳೆಹನಿಗೆ ಮುಖ ಒಡ್ಡಿ ಹಿಡಿದಳು. ಕೂಸು ಒಮ್ಮೆ ಬಿಕ್ಕಿತು. ಮತ್ತೆ ಸುಮ್ಮನಾಯಿತು. ಆಮೇಲೆ ಅಂಥ ಸಣ್ಣ ಮೈಯಿಂದ ಬರಬಾರದಷ್ಟು ದೊಡ್ಡ ದನಿಯಲ್ಲಿ ಅಳಲು ಶುರುಮಾಡಿತು. ಅಪ್ಪ ಅಕ್ಕನನ್ನು ಎತ್ತಿಕೊಂಡು ಪಡಸಾಲೆಗೆ ತಂದ. ಆಯಿ ಮಾತ್ರ ಹೊಸ್ತಿಲ ಮೇಲೆ ಧೂಪ ಹಿಡಿದುಕೊಂಡೇ ಕುಳಿತಿದ್ದಳು. ಅವಳಿಗೂ ತಲೆ ತಿರುಗುತ್ತಿತ್ತು. ಈರಾ ಎತ್ತಿಕೊಳ್ಳಾಕ ನೋಡ್ಯಾನ, ಕೇಡ ಮಾಡಾಂವ ಅಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವ ಚಿಮಣಿ ತೆಗೆದುಕೊಂಡು ಆಯಿಯ ಮುಂದೆ ಬಂದು, ಬರ್ರಿ ಅತ್ತಿ ಎಂದಳು. ನಾನೂ ಹೋದೆ. ಅವ್ವ ಹೊಸ್ತಿಲ ಮೇಲೆ ಚಿಮಣಿ ಇಟ್ಟಳು, ಚೆನ್ನಾಗಿ ಉರಿಯಿತು. ಮೆಟ್ಟಿಲ ಮೇಲಿಟ್ಟಳು, ಉರಿ ಉದ್ದವಾಗಿ ನಡುಗಿತು. ತೋಳು ಚಾಚಿ ನೆಲದ ಕಡೆ ಇಳಿಸಿದಳು, ನೆಲ ಮುಟ್ಟುವ ಮೊದಲೇ ಆರಿತು. ಮತ್ತೆ ಹಚ್ಚಿದಳು, ಮತ್ತೆ ಇಳಿಸಿದಳು. ಅದೇ ಎತ್ತರಕ್ಕೆ, ಗೋಡೆಯ ಅದೇ ಕಲ್ಲಿನ ಸಾಲಿಗೆ, ದೀಪ ಹೋಗುತ್ತಿತ್ತು.

"ಯಾರೂ ಊದಲಿಲ್ರಿ ಅತ್ತಿ. ನೋಡ್ರಿ, ಇಲ್ಲಿ ಉರೀತೈತಿ, ಇಲ್ಲಿ ಆರತೈತಿ. ಏನೋ ನೀರು ನಿಂತಂಗ ನಿಂತೈತಿ. ಕಣ್ಣಿಗೆ ಕಾಣಂಗಿಲ್ಲ, ಅಷ್ಟ."

ಆಯಿ ಮುಂದೆ ಬಗ್ಗಿದಳು. ತಾನೇ ಚಿಮಣಿ ಇಸಿದುಕೊಂಡು ಇಳಿಸಿ ನೋಡಿದಳು. ಆರಿತು. ಅವಳ ಮುಖದಲ್ಲಿ ನಾನು ಎಂದೂ ಕಾಣದ ಒಂದು ಭಯ ಬಂತು. ದೆವ್ವಕ್ಕೆ ಹೆದರಿದವರ ಭಯವಲ್ಲ ಅದು.

"ಹಂಗಾರ ಅವತ್ತ ಒಂದು ದೀಪ ಇಳಿಸಿ ನೋಡಿದ್ರ ಸಾಕಿತ್ತೇನ?" ಎಂದಳು.

ಅವ್ವ ಆರಿದ ಚಿಮಣಿಯನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಇಳಸ್ತೀನಿ ಅಂದಿದ್ದವಾ ಅಂವ. ನಿನ್ನೆ ಇಳದೀಯಲ್ಲೋ, ಇವತ್ತೇನ ಹೊಸಾದು, ಲಗೂನ ತಗೊಂಡ ಬಾ, ಒಲಿ ಉರಿಯಾಕತ್ತೈತಿ ಅಂತ ನಾನ ಅಂದೆ."

ಇಷ್ಟು ವರ್ಷ ಆಕೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದು. ಹಗೇವು ತಗೊಂಡಿತು ಎಂದರೆ ಅದರಲ್ಲಿ ಯಾರ ಕೈಯೂ ಇರುವುದಿಲ್ಲ. ಬರೀ ಗಾಳಿ ಎಂದ ಕೂಡಲೇ ಅವಳ ಕೈ ಬಂತು. ಅವ್ವ ಚಿಮಣಿಯನ್ನು ಬದಿಗಿಟ್ಟು ಅವಳ ಪಕ್ಕ ಹೊಸ್ತಿಲ ಮೇಲೆ ಕುಳಿತಳು. ಸೊಸೆ ಅತ್ತೆಯ ಸರಿಸಮ ಕುಳಿತದ್ದನ್ನು ನಾನು ಅವತ್ತೇ ನೋಡಿದ್ದು. ನಿಮಗ ಗೊತ್ತಿರಲಿಲ್ಲಲ್ರಿ ಎಂದಳು ಅವ್ವ. ಅಷ್ಟೇ. ಅದಕ್ಕಿಂತ ಹೆಚ್ಚು ಸಮಾಧಾನ ಹೇಳಲು ಅವಳಿಗೆ ಬರುತ್ತಿರಲಿಲ್ಲ.

ಮುಂದೆ ಧಾರವಾಡದ ಕಾಲೇಜಿನಲ್ಲಿ ಓದಿ, ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವ ಬಾಯಿ, ಅಂದರೆ ಶಿಕ್ಷಕಿ, ಆದೆ. ಒದ್ದೆಯಾದ ಕಾಳು ಉಸಿರಾಡುತ್ತದೆ, ಒಳಗಿನ ಒಳ್ಳೆಯ ಗಾಳಿಯನ್ನು ತಿಂದು ಇಂಗಾಲದ ಅನಿಲ ಬಿಡುತ್ತದೆ, ಆ ಅನಿಲ ಗಾಳಿಗಿಂತ ಭಾರ, ಹೀಗಾಗಿ ತಗ್ಗು ಹುಡುಕಿ ನೀರಿನಂತೆ ಹರಿದು ನಿಲ್ಲುತ್ತದೆ. ಮಳೆಮೋಡ ಬಂದಾಗ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಮುಚ್ಚಿದ ಅನಿಲ ಹಿಗ್ಗುತ್ತದೆ, ಹಿಗ್ಗಿದ್ದು ಬಿರುಕು ಹುಡುಕಿ ಶಿಳ್ಳೆ ಹಾಕುತ್ತದೆ. ಇದನ್ನೆಲ್ಲ ನಾನು ಕಪ್ಪುಹಲಗೆಯ ಮೇಲೆ ಎಷ್ಟೋ ವರ್ಷ ಬರೆದಿದ್ದೇನೆ. ಗಾಜಿನ ಪಾತ್ರೆಯಲ್ಲಿ ಸೋಡಾಪುಡಿಗೆ ನಿಂಬೆರಸ ಹಿಂಡಿ, ಉರಿಯುವ ಮೇಣಬತ್ತಿಯನ್ನು ಒಳಗೆ ಇಳಿಸಿ ತೋರಿಸಿದ್ದೇನೆ. ಬತ್ತಿ ಆರಿದ ಕೂಡಲೇ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಪ್ರತಿ ಸಲವೂ ಆ ಉರಿ ಬತ್ತಿಯನ್ನು ಬಿಟ್ಟು ಮೇಲೆದ್ದಾಗ ನನ್ನ ಅಂಗೈ ತಣ್ಣಗಾಗುತ್ತದೆ. ಕಾರಣ ಗೊತ್ತಿದ್ದರೆ ಹೆದರಿಕೆ ಹೋಗುತ್ತದೆ ಎಂದು ಮಕ್ಕಳಿಗೆ ಹೇಳಬೇಕು, ಹೇಳುತ್ತೇನೆ. ನನ್ನ ಮಟ್ಟಿಗೆ ಅದು ಪೂರ್ತಿ ನಿಜವಾಗಲಿಲ್ಲ. ಅವತ್ತು ಬಿರುಕಿನ ಬಳಿ ಮಲಗಿದ್ದಾಗ ನನ್ನನ್ನು ಕರೆದದ್ದು ಯಾರು ಎಂಬುದಕ್ಕೆ, ಅನಿಲ ಏರಿದ ತಲೆಗೆ ಹಾಗೆ ಕೇಳಿಸುತ್ತದೆ ಎಂಬ ಉತ್ತರವೂ ನನ್ನಲ್ಲಿದೆ. ಆದರೆ ಆ ಕರೆ ನನ್ನನ್ನು ಎಬ್ಬಿಸಿತು.

ಚಿಮಣಿ ಇಳಿಸಿ ನೋಡಿದ ಮರುದಿನ ಅವ್ವನೇ ಅಪ್ಪನಿಗೆ ಹೇಳಿದಳು, ನೀರಾದ್ರ ಹರಿಯಾಕ ದಾರಿ ಬೇಕಲ್ರಿ ಎಂದು. ಬಾಣಂತಿಯನ್ನೂ ಕೂಸನ್ನೂ ಕಾಕಾನ ಮನೆಗೆ ಕಳಿಸಿ, ಅಪ್ಪ ಮೋರಿ ಬಿಡಿಸಿ ನಿಂತ ನೀರು ಹರಿಸಿ, ಹೊರಗಿನಿಂದ ಹಿತ್ತಲ ಗೋಡೆಯ ಬುಡದಲ್ಲಿ ಕಿಂಡಿ ಒಡೆದ. ಒಡೆದ ಬಾಯಿಯಿಂದ ಮೊದಲು ಏನೂ ಬರಲಿಲ್ಲ, ಕಣ್ಣಿಗೆ ಕಾಣುವಂಥದ್ದು. ಕಿಂಡಿಯ ಮುಂದೆ ನಿಂತ ಅಪ್ಪ ಮಾತ್ರ ಕಾಲಿಗೆ ಏನೋ ತಣ್ಣಗೆ ಹಾದುಹೋಯಿತೆಂದು ಹಿಂದೆ ಸರಿದ. ಕೆಲವು ದಿನ ಬಾಗಿಲು, ಕಿಂಡಿ, ಬೆಳಕಿಂಡಿ ಎಲ್ಲ ತೆರೆದಿಟ್ಟರು. ಆಮೇಲೆ ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಹಗೇವಿನ ಕಲ್ಲು ಸರಿಸಿದರು. ಹುಳಿತ ವಾಸನೆ ಓಣಿಗೆಲ್ಲ ಹಬ್ಬಿತು. ಕೊಡದಿಂದ ಗಾಳಿ ಮೊಗೆದು ಹಾಕಿದರು, ಬೇವಿನ ತೊಪ್ಪಲಿನ ಟೊಂಗೆಗಳನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಎಳೆದು, ಇಳಿಸಿ ಎಳೆದು, ಒಳಗಿನ ಗಾಳಿಯನ್ನು ಕಲಕಿದರು. ಕಂದೀಲು ಮೊದಲು ಬಾಯಲ್ಲೇ ಆರುತ್ತಿತ್ತು, ಆಮೇಲೆ ಕುತ್ತಿಗೆಯಲ್ಲಿ, ಆಮೇಲೆ ಇನ್ನೂ ಕೆಳಗೆ. ಒಂದು ಮುಂಜಾನೆ ಅದು ಇಳಿಯುತ್ತಲೇ ಹೋಯಿತು, ಆರಲಿಲ್ಲ.

ಆಯಿ ಬಂದಳು. ಅಪ್ಪ ಬೇಡ ಎಂದ. ಅವಳು ಅವನನ್ನು ಬದಿಗೆ ಸರಿಸಿ, ಬಾಯಿಯ ಪಕ್ಕ ಮಂಡಿಯೂರಿ ಬಗ್ಗಿ ನೋಡಿದಳು. ನಾನೂ ಅವಳ ತೋಳಿನ ಸಂದಿಯಿಂದ ನೋಡಿದೆ. ಕೆಳಗೆ ಕಂದೀಲು ತೂಗುತ್ತಿತ್ತು. ನೀರು ಕುಡಿದು ಕಪ್ಪಾಗಿ ಮುದ್ದೆಗಟ್ಟಿದ ಜೋಳ, ಗೋಡೆಗೆ ಅಂಟಿದ ಕೊಳೆತ ಹುಲ್ಲು, ಅದರ ಮೇಲೆ ನಮ್ಮ ಇಬ್ಬರ ತಲೆಯ ನೆರಳು. ಆಯಿ ಆ ದುಂಡನೆಯ ಗೋಡೆಯನ್ನು ಸುತ್ತಲೂ ನೋಡಿದಳು, ಕಂದೀಲನ್ನು ಆಚೆ ಈಚೆ ಮಾಡಿಸಿ ಮತ್ತೆ ನೋಡಿದಳು. ಆಮೇಲೆ, ಏನೂ ಇಲ್ಲ ಎಂದಳು. ಅವಳನ್ನು ಎಬ್ಬಿಸಲು ಅಪ್ಪನೂ ಅವ್ವನೂ ಇಬ್ಬರೂ ಬೇಕಾದರು. ಹಗೇವನ್ನು ಎರೆಮಣ್ಣಿನಿಂದ ತುಂಬಿದ ದಿನ ಅವಳು ಆ ಕಡೆ ತಲೆ ಹಾಕಲಿಲ್ಲ. ಊಟದಲ್ಲಿ ಅವಳಿಗೆ ರುಚಿ ಹೋಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದು ನಿಂತು, ಎಲ್ಲಿಗೆ ಹೋಗಬೇಕೆಂದು ಮರೆತವಳಂತೆ ಮತ್ತೆ ಕುಳಿತುಬಿಡುತ್ತಿದ್ದಳು. ಅವಳನ್ನು ನೋಡಿದಾಗಲೆಲ್ಲ, ಕೂಸು ಉಳಿದ ಸಂತೋಷವನ್ನು ಮನೆಯಲ್ಲಿ ಎಲ್ಲಿ ಇಡಬೇಕೆಂದು ನಮಗೆ ತಿಳಿಯುತ್ತಿರಲಿಲ್ಲ.

ಮಳೆ ನಿಂತು ಹೊರಪಾದ ಒಂದು ಬೆಳಿಗ್ಗೆ ಅವಳು ತಲೆಬಾಚಿಕೊಂಡು, ಮಡಿಚಿಟ್ಟ ಇಳಕಲ್ಲ ಸೀರೆಯುಟ್ಟು, ಅಡುಗೆಮನೆಯ ಬಾಗಿಲಿಗೆ ಬಂದು ಅವ್ವನನ್ನು ಕರೆದಳು.

"ನಡೀವಾ, ಹೊಲಕ್ಕ ಹೋಗೂಣು."

ನಮ್ಮ ಹೊಲದ ಬದುವಿನಲ್ಲಿ ಮನೆಯವರನ್ನು ಮಣ್ಣು ಮಾಡುವ ಜಾಗವಿದೆ. ಈರಣ್ಣ ದೊಡ್ಡಪ್ಪನನ್ನು ಇಟ್ಟದ್ದೂ ಅಲ್ಲೇ. ಆಯಿ ಅವತ್ತು ಮಣ್ಣಿಗೂ ಹೋಗಿರಲಿಲ್ಲ, ಆಮೇಲೆ ಎಂದೂ ಆ ಬದುವಿನ ಕಡೆ ಹೋಗಿರಲಿಲ್ಲ. ಹೋಗುವ ಅವಶ್ಯಕತೆ ಅವಳಿಗೆ ಇರಲಿಲ್ಲ. ಎರೆಮಣ್ಣು ಹಸಿಯಿತ್ತು, ಹೆಜ್ಜೆಹೆಜ್ಜೆಗೂ ಅಂಟಿ ಕಾಲು ಭಾರವಾಗುತ್ತಿತ್ತು. ಅವ್ವ ಅವಳ ರಟ್ಟೆ ಹಿಡಿದಿದ್ದಳು, ನಾನು ಹಿಂದೆ ಹೋಗುತ್ತಿದ್ದೆ. ಹುಲ್ಲು ಬೆಳೆದು ಗುರುತು ಸಿಗುವಂತಿರಲಿಲ್ಲ. ಅವ್ವ ಹುಲ್ಲು ಸರಿಸಿ, ಒಂದು ಚಪ್ಪಟೆ ಕಲ್ಲು ತೋರಿಸಿದಳು. ಆಯಿ ನಿಂತು ನೋಡಿದಳು. ಆಮೇಲೆ ಸೀರೆಯ ಪರಿವೆ ಇಲ್ಲದೆ ಕೆಸರಿನಲ್ಲೇ ಕುಳಿತು, ಆ ಕಲ್ಲಿಗೆ ಹತ್ತಿದ ಮಣ್ಣನ್ನು ಅಂಗೈಯಿಂದ ಒರೆಸತೊಡಗಿದಳು, ಆಡಿ ಬಂದ ಮಗುವಿನ ಮುಖ ಒರೆಸುವ ಹಾಗೆ.

"ಇಲ್ಲಿದ್ದೇನೋ," ಎಂದಳು. "ನಾ ಅಲ್ಲಿ ಕುಂತಿದ್ನಲ್ಲೋ, ಈರಾ."